ಟವೆಲ್ ಇಲ್ಲದ ವ್ಯಾಪಾರ

ಈ ವರ್ಷದ ತನಕ ನಾನು ಹತ್ತು ಎಮ್ಮೆ ಮಾರಿದ್ದೆ. ಒಂದರ ದರವನ್ನೂ ಮಾರುವ ಹೊತ್ತಿನಲ್ಲಿ ಕಿವಿಯಿಂದ ಕೇಳಿರಲಿಲ್ಲ. ನಮ್ಮ ಕಡೆ ದನದ ಸಂತೆಯಲ್ಲಿ ದರ ಕಿವಿಗೆ ಬೀಳುವಂಥದ್ದಲ್ಲ. ಮಾರುವವನೊಬ್ಬ, ಕೊಳ್ಳುವವನೊಬ್ಬ ಎದುರುಬದುರು ನಿಲ್ಲುತ್ತಾರೆ. ಇಬ್ಬರ ಕೈ ಮೇಲೆ ಒಂದು ಟವೆಲ್ ಬೀಳುತ್ತದೆ. ಅದರ ಕೆಳಗೆ ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಹಿಡಿದ ಬೆರಳಿನ ಲೆಕ್ಕವೇ ದರ. ಬಾಯಲ್ಲಿ ಮಾತ್ರ ಬೇರೆ ಮಾತು ನಡೆದಿರುತ್ತದೆ: "ಏನ್ ಪಾವ್ಣ್ಯಾ, ಮನ್ಯಾಗ ಎಲ್ಲಾರೂ ಆರಾಮೇನು? ನಿಮ್ಮ ಕಡೆ ಮಳಿ ಹ್ಯಾಂಗ?" ಸುತ್ತ ಐವತ್ತು ಮಂದಿ ನಿಂತಿದ್ದರೂ ಯಾವ ದನ ಎಷ್ಟಕ್ಕೆ ಹೋಯಿತು ಎಂದು ಒಬ್ಬನಿಗೂ ತಿಳಿಯುವುದಿಲ್ಲ.

ಇದು ಗಂಡಸರ ವ್ಯಾಪಾರ. ಹೆಂಗಸು ಪರಗಂಡಸಿನ ಕೈಯನ್ನು ಟವೆಲ್ ಕೆಳಗೆ ಹಿಡಿದರೆ ಊರು ಏನನ್ನುತ್ತದೆ ಎಂದು ನಾನು ಬರೆಯಬೇಕಿಲ್ಲ. ಹೀಗಾಗಿ ಎಮ್ಮೆ ನನ್ನದು, ಮೇವು ಹಾಕಿದವಳು ನಾನು, ಕರು ಎಳೆದು ತೆಗೆದವಳು ನಾನು, ಕೈ ಮಾತ್ರ ಇನ್ನೊಬ್ಬರದು. ಗಂಡ ಇದ್ದಾಗ ಗಂಡನ ಕೈ. ಅವನು ಹೋದ ಮೇಲೆ ಅವನ ತಮ್ಮನ ಕೈ. ನಾನು ಕರುವಿನ ಹಗ್ಗ ಹಿಡಿದು ಚಹಾದ ಅಂಗಡಿಯ ಹತ್ತಿರ ನಿಲ್ಲುತ್ತಿದ್ದೆ. ಸ್ವಲ್ಪ ಹೊತ್ತಿಗೆ ಮೈದುನ ಬಂದು, "ವೈನಿ, ಆತ್ ನೋಡ್ರಿ" ಅನ್ನುತ್ತಿದ್ದ. ಅವನು ಎಷ್ಟು ಎಂದು ಹೇಳಿದನೋ ಅಷ್ಟಕ್ಕೆ ಎಮ್ಮೆ ಹೋಗಿರುತ್ತಿತ್ತು. ನಡುವೆ ಅವನು ತಿಂದಿದ್ದಾನೆ ಎಂದು ನಾನು ಹೇಳುವುದಿಲ್ಲ. ತಿಂದಿಲ್ಲ ಎಂದೂ ಹೇಳಲಾರೆ. ತಿಳಿಯುವ ದಾರಿಯೇ ಇರಲಿಲ್ಲ, ನನ್ನ ತಕರಾರು ಅಷ್ಟೇ.

ನಮ್ಮದು ರಾಯಬಾಗದ ಕಡೆಯ ಊರು, ಚಿಂಚಲಿಗೆ ಹತ್ತಿರ. ಮಗ ಸಕ್ಕರೆ ಕಾರ್ಖಾನೆಗೆ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ದನದ ಕೆಲಸ ನನ್ನದು, ಸೊಸೆಯದು. ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಇದ್ದವು. ದೊಡ್ಡದು ಪಂಢರಪುರಿ ಜಾತಿಯದು, ಕತ್ತಿಯಂಥ ಉದ್ದ ಕೋಡು ಬೆನ್ನಿನ ತನಕ ಹೋಗುತ್ತವೆ. ಈ ವರ್ಷ ಮೂರನೆಯ ಸಲ ಈದು ತುಂಬು ಹಾಲಿನಲ್ಲಿತ್ತು. ಆದರೆ ನನ್ನ ಮೊಣಕಾಲು ಮುಗಿದಿವೆ. ಹಿಂಡಲು ಕೂತರೆ ಏಳುವುದಕ್ಕೆ ಎಮ್ಮೆಯ ಬಾಲ ಹಿಡಿಯಬೇಕು. ಸೊಸೆ ಎರಡನ್ನೂ ಒಬ್ಬಳೇ ಹಿಂಡಲಾರಳು. ದೊಡ್ಡದನ್ನು ಮಾರುವುದೆಂದು ತೀರ್ಮಾನಿಸಿದೆ.

ಮೈದುನನಿಗೆ ಹೇಳಿದ ಕೂಡಲೇ ಅವನು ಹೆಗಲ ಮೇಲಿನ ಟವೆಲ್ ಸರಿಮಾಡಿಕೊಂಡ.

"ಸೋಮಾರ ಸಂತಿಗೆ ಹೊಡಕೊಂಡ ಹೋಗೂಣ್ರಿ ವೈನಿ."

"ಈ ಸಲ ದರಾ ನಾ ಹೇಳ್ತೀನಿ."

"ಹೇಳ್ರಿ. ನೀವು ಹೇಳಿದ್ದ ನಾ ಹೋಗಿ ಬೆರಳ ಹಿಡೀತೀನಿ."

"ನೀ ಹಿಡದ ಬೆರಳ ನನಗ ಕಾಣೂದಿಲ್ಲ."

ಅವನ ಮುಖ ಸಣ್ಣದಾಯಿತು. "ನೀವು ಈ ಮನಿಗೆ ಬಂದ ನಲವತ್ತ ವರ್ಷ ಆದ ಮ್ಯಾಲ ಈ ಮಾತ ಬಂತಲ್ರಿ!"

"ನಲವತ್ತ ವರ್ಷ ತಡಾ ಆತು," ಅಂದೆ.

ಈ ಧೈರ್ಯ ನನಗೆ ಸುಮ್ಮನೆ ಬಂದದ್ದಲ್ಲ. ಸೊಸೆಯ ಫೋನಿನಲ್ಲಿ ದನ ಮಾರುವ, ಕೊಳ್ಳುವ ಮಂದಿಯ ಗ್ರೂಪ್ ಒಂದಿದೆ. ನಿಪ್ಪಾಣಿಯಿಂದ ಅಥಣಿಯ ತನಕದ ಮಂದಿ ಅದರಲ್ಲಿದ್ದಾರೆ. ದನದ ವಿಡಿಯೋ ಹಾಕುತ್ತಾರೆ, ಕೆಳಗೆ ದರ ಹಾಕುತ್ತಾರೆ. ಮೊದಲ ಸಲ ಅವಳು ತೋರಿಸಿದಾಗ ನನಗೆ ದಿಗಿಲಾಯಿತು. ನಾನು ಅಕ್ಷರ ಕೂಡಿಸಿ ಓದುವವಳು, ಸಾವಕಾಶ ಓದುತ್ತೇನೆ. ಅಂಕಿ ಮಾತ್ರ ಗಕ್ಕನೆ ಕಾಣುತ್ತವೆ.

"ಇದೇನ ಬೇ, ದರಾ ಹಿಂಗ ಬಯಲಾಗ ಬರದಾರಲ್ಲಾ? ನಾಚಿಕಿ ಇಲ್ಲೇನ ಇವರಿಗೆ?"

"ನಾಚಿಕಿ ಯಾಕ್ರಿ ಅತ್ತಿ? ಕದ್ದ ಎಮ್ಮಿ ಏನ್ರಿ?" ಅಂದಳು.

ಆಮೇಲೆ ನಾಲ್ಕು ಸಂಜೆ ಅವಳ ಪಕ್ಕ ಕೂತು ನೋಡಿದೆ. ಮಂದಿ ಬರೆಯುವುದಕ್ಕಿಂತ ಮಾತಾಡಿ ಕಳಿಸುವುದೇ ಹೆಚ್ಚು, ನನಗೆ ಅದು ಅನುಕೂಲವಾಯಿತು. ಹಲ್ಲು ಎಷ್ಟು, ಎಷ್ಟನೆಯ ಕರು, ಮೈಮ್ಯಾಲಿನ ಕೂದಲ ಸುಳಿ ಎಲ್ಲೈತಿ, ಒದಿತೈತೋ ಇಲ್ಲೋ ಎಂದು ಕೇಳುತ್ತಾರೆ. ನನಗೆ ಗೊತ್ತಿರುವ ಪ್ರಶ್ನೆಗಳೇ. ಯಾವ ಎಮ್ಮೆ ಎಷ್ಟಕ್ಕೆ ನಿಂತಿದೆ, ಯಾವುದು ಹೋಯಿತು, ಯಾವುದು ಹದಿನೈದು ದಿನದಿಂದ ಹಾಗೇ ಕೂತಿದೆ ಎಂದು ನಾಲ್ಕು ಸಂಜೆಯಲ್ಲಿ ತಿಳಿಯಿತು. ಚಹಾದ ಅಂಗಡಿಯ ಹತ್ತಿರ ಜೀವಮಾನವೆಲ್ಲ ನಿಂತರೂ ಅಷ್ಟು ತಿಳಿದಿರಲಿಲ್ಲ.

ಮೈದುನ ಒಂದು ಷರತ್ತು ಹಾಕಿದ. "ಒಂದ ವಾರ. ಮುಂದಿನ ಸೋಮಾರದೊಳಗ ನಿಮ್ಮ ಫೋನಿನ್ಯಾಗ ಎಮ್ಮಿ ಹೋಗಲಿಲ್ಲಂದ್ರ, ಹಗ್ಗಾ ನನ್ನ ಕೈಯಾಗ ಕೊಡಬೇಕು. ಆಮ್ಯಾಲ ದರದ ಮಾತ ಎತ್ತಬಾರದು. ಇದಕ್ಕಲ್ಲಾ, ಮುಂದ ಯಾವ ಎಮ್ಮಿಗೂ."

ನಾನು ಒಪ್ಪಿದೆ. ಒಪ್ಪದೆ ಏನು ಮಾಡಲಿ? ಅವನು ಹೇಳಿದ್ದರಲ್ಲಿ ನ್ಯಾಯ ಇತ್ತು.

ವಿಡಿಯೋ ತೆಗೆಯುವುದು ಎಮ್ಮೆ ಹಿಂಡಿದಷ್ಟು ಸಲೀಸಲ್ಲ. ಹಾಲು ಹಿಂಡುವುದನ್ನು ಮೊದಲಿನಿಂದ ಕೊನೆಯ ತನಕ ತೋರಿಸಬೇಕು, ಅದೂ ಎರಡು ಹೊತ್ತು. ಯಾಕೆಂದರೆ ಒಂದು ಹೊತ್ತು ಹಿಂಡದೆ ಬಿಟ್ಟು, ಕೆಚ್ಚಲು ಉಬ್ಬಿಸಿ ತೋರಿಸುವ ಕಳ್ಳರು ಹಿಂದೆಯೂ ಇದ್ದರು, ಈಗಲೂ ಇದ್ದಾರೆ. ಸೊಸೆಯ ಫೋನು ಹಿಂದಿನ ತಿಂಗಳು ಕಲ್ಲಿನ ಮೇಲೆ ಬಿದ್ದು ಹಿಂಬದಿಯ ಕ್ಯಾಮೆರಾದ ಗಾಜು ಸೀಳಿತ್ತು. ಅದರಲ್ಲಿ ತೆಗೆದರೆ ಎಮ್ಮೆ ಮಂಜಿನಲ್ಲಿ ನಿಂತಂತೆ ಕಾಣುತ್ತಿತ್ತು. ಅದಕ್ಕೆ ಮುಂದಿನ ಕ್ಯಾಮೆರಾದಲ್ಲಿ, ಹುಡುಗಿಯರು ತಮ್ಮ ಮುಖ ತಾವೇ ತೆಗೆದುಕೊಳ್ಳುತ್ತಾರಲ್ಲ, ಅದರಲ್ಲಿ ತೆಗೆದಳು. ಫೋನನ್ನು ಹಿಂಡಿಯ ಡಬ್ಬಕ್ಕೆ ಒರಗಿಸಿ ಇಟ್ಟು, ಓಡಿ ಬಂದು ಎಮ್ಮೆಯ ಹಗ್ಗ ಹಿಡಿದಳು. ನಾನು ಕೂತು ಹಿಂಡಿದೆ.

"ಸ್ವಲ್ಪ ನಗರಿ ಅತ್ತಿ."

"ಎಮ್ಮಿ ಮಾರಾಕತ್ತೀವೋ ನನ್ನೋ?" ಅಂದೆ. ಅದೂ ವಿಡಿಯೋದಲ್ಲಿ ಬಂತು. ಗ್ರೂಪಿನಲ್ಲಿ ಬಹಳ ಮಂದಿ ನಕ್ಕರಂತೆ.

ಬೆಳಿಗ್ಗೆ ಐದು ಲೀಟರ್, ಸಂಜೆ ನಾಲ್ಕೂವರೆ. ಅಳತೆಯ ಪಾತ್ರೆಗೆ ಸುರಿದು ತೋರಿಸಿದೆ. ಕೊನೆಗೆ ನನ್ನ ಬಾಯಿಂದ ಹೇಳಿದೆ: "ಮೂರನೇ ಕರು. ಒದಿಯೂದಿಲ್ಲ. ಸುಳಿ ಸುದ್ದ ಐತಿ. ಎಂಬತ್ತೈದ ಸಾವಿರ." ವಿಡಿಯೋ ಹಾಕುವ ಮೊದಲು ಮೂರು ಸಲ ನೋಡಿದೆವು, ಎಲ್ಲ ಸರಿಯಾಗಿದೆ ಎಂದುಕೊಂಡೆವು.

ನಾಲ್ಕು ದಿನ ಕೇಳುವವರೇ ಬಂದರು, ಕೊಳ್ಳುವವರು ಬರಲಿಲ್ಲ. ಒಬ್ಬ ಐವತ್ತಕ್ಕೆ ಕೊಡು ಅಂದ. ಅವನಿಗೆ ಆಡಿನ ಗ್ರೂಪ್ ಬೇರೆ ಐತಿ ಎಂದು ಹೇಳಿ ಕಳಿಸಿದೆ. ಮೈದುನ ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂತು, "ಏನ್ ವೈನಿ, ಎಮ್ಮಿ ಫೋನಿನ್ಯಾಗ ಹೊಕ್ಕತೇನ್ರಿ?" ಎಂದು ಕೇಳಿ ಹೋಗುತ್ತಿದ್ದ. ಐದನೆಯ ದಿನ ಕಾಗವಾಡದ ಕಡೆಯವನೊಬ್ಬ ಮಾತು ಕಳಿಸಿದ. ಹತ್ತು ಎಮ್ಮೆ ಕಟ್ಟಿ ಮಿರಜಕ್ಕೆ ಹಾಲು ಹಾಕುವವನು. ಶನಿವಾರ ಮುಂಜಾನೆ ಬರುತ್ತೇನೆ ಅಂದ.

ಬಂದ. ಐವತ್ತರ ಮೇಲಿನ ಗಂಡಸು. ತಲೆಯ ಮೇಲೆ ಬಿಳಿ ಟೋಪಿ, ಹೆಗಲ ಮೇಲೆ ಟವೆಲ್, ಬಗಲಲ್ಲಿ ಸುತ್ತಿದ ಹಗ್ಗ. ಸಣ್ಣ ಟೆಂಪೋ ಬಾಗಿಲಲ್ಲಿ ನಿಂತಿತ್ತು. ಮೈದುನನೂ ಹೊತ್ತಿಗೆ ಸರಿಯಾಗಿ ಕಟ್ಟೆಯ ಮೇಲೆ ಹಾಜರಾದ. ಬಂದವನು ಚಹಾ ಕುಡಿದು ಎಮ್ಮೆಯ ಬಾಯಿ ತೆರೆದು ಹಲ್ಲು ನೋಡಿದ, ಚರ್ಮ ಹಿಡಿದು ಎಳೆದ, ಸುಳಿ ಹುಡುಕಿದ. ಎಲ್ಲ ಒಪ್ಪಿಗೆಯಾದಂತೆ ಕಂಡಿತು.

"ಆಯಿ, ಎರಡ ಧಾರಿ ಹಿಂಡಿ ನೋಡ್ತೀನ್ರಿ."

ಸೊಸೆ ಬಕೆಟ್ ಕೊಟ್ಟಳು. ಅವನು ಸೀದಾ ಹೋಗಿ ಎಮ್ಮೆಯ ಬಲಕ್ಕೆ ಕೂತ. ನಾನು ಮೊದಲ ಕರುವಿನಿಂದಲೂ ಎಡಕ್ಕೆ ಕೂತು ಹಿಂಡಿದವಳು. ಎಮ್ಮೆಗೆ ರೂಢಿಯಾದ ಮಗ್ಗುಲು ಬಿಟ್ಟು ಇನ್ನೊಂದು ಕಡೆ ಕೂತರೆ ಏನಾಗುತ್ತದೆಂದು ದನ ಕಟ್ಟಿದವರಿಗೆಲ್ಲ ಗೊತ್ತು. "ಏ ತಮ್ಮಾ, ಆಕಡೆ" ಎಂದು ಬಾಯಿ ತೆರೆಯುವಷ್ಟರಲ್ಲಿ ಒದೆ ಬಿತ್ತು. ಬಕೆಟ್ ಗೋಡೆಗೆ ಬಡಿಯಿತು. ಅವನು ಸಗಣಿಯ ಮೇಲೆ ಅಂಗಾತ, ಟೋಪಿ ಮೇವಿನ ಗೋದಲಿಯಲ್ಲಿ. ಬಕೆಟ್ಟಿನ ಸಪ್ಪಳಕ್ಕೆ ಓಣಿಯ ನಾಲ್ಕಾರು ಮಂದಿ ಗೋಡೆಯ ಆಚೆ ತಲೆ ಎತ್ತಿದರು.

ಅವನು ಎದ್ದು ಪೆಟ್ಟಾದ ತೊಡೆ ತಿಕ್ಕಿಕೊಂಡ. ಬೈಯಲಿಲ್ಲ. ಫೋನ್ ತೆಗೆದು ನಮ್ಮ ವಿಡಿಯೋ ಹಚ್ಚಿ, ಒಮ್ಮೆ ಅದನ್ನು, ಒಮ್ಮೆ ಎಮ್ಮೆಯನ್ನು ನೋಡಿದ.

"ಆಯಿ, ಇದರಾಗ ನೀವು ಬಲಕ್ಕ ಕುಂತ ಹಿಂಡಾಕತ್ತೀರಿ. ಎಮ್ಮಿ ಗಪ್ಪನ ನಿಂತೈತಿ. ಮತ್ತ ಇದರಾಗಿನ ಎಮ್ಮಿಗೆ ಎಡಗೋಡಿನ ತುದಿ ಮುರದೈತಿ. ನಿಮ್ಮ ಎಮ್ಮಿಗೆ ಬಲಗೋಡು ಮುರದೈತಿ. ಇದು ಆ ಎಮ್ಮಿ ಅಲ್ಲ."

ನಾನು ಹೋಗಿ ನೋಡಿದೆ. ಅವನು ಹೇಳಿದ್ದು ಖರೆ. ವಿಡಿಯೋದಲ್ಲಿ ಮುರಿದದ್ದು ಎಡಗೋಡೇ.

"ಒಂದ ಎಮ್ಮಿ ತೋರಿಸಿ ಇನ್ನೊಂದ ಕೊಡೋದು ಯಾವ ಊರ ಪದ್ಧತಿರಿ? ನಾ ಇದನ್ನ ಗ್ರೂಪಿನ್ಯಾಗ ಹಾಕ್ತೀನಿ. ಮಂದಿಗೆ ಗೊತ್ತಾಗಲಿ."

ಅವನು ಹಾಕಿದ್ದರೆ ಮುಗಿಯುತ್ತಿತ್ತು. ಸಂತೆಯಲ್ಲಿ ಒಬ್ಬ ಕಳ್ಳ ಅಂದರೆ ಆ ಸಂತೆಗೆ ಮಾತ್ರ ಕಳ್ಳ, ಮುಂದಿನ ವಾರ ಬೇರೆ ಸಂತೆಗೆ ಹೋಗಬಹುದು. ಇಲ್ಲಿ ನಿಪ್ಪಾಣಿಯಿಂದ ಅಥಣಿಯ ತನಕ ಒಂದೇ ಗಳಿಗೆಯಲ್ಲಿ ಕಳ್ಳಿಯಾಗುತ್ತಿದ್ದೆ. ವಿಡಿಯೋದಲ್ಲಿ ನನ್ನ ಮುಖ ಬೇರೆ ಇದೆ. ಆಮೇಲೆ ಸೋಮವಾರವೂ ಬರುತ್ತಿತ್ತು, ಹಗ್ಗವೂ ಮೈದುನನ ಕೈಗೆ ಹೋಗುತ್ತಿತ್ತು.

ಕಟ್ಟೆಯ ಮೇಲಿನಿಂದ ಮೈದುನ, "ಅದಕ್ಕ ನಾ ಹೇಳಿದ್ದೆ ವೈನಿ," ಅಂದ. ಅವನ ದನಿಯಲ್ಲಿ ಎಲ್ಲಿಲ್ಲದ ಸಮಾಧಾನ ಇತ್ತು.

"ನೀ ಬಾಯಿ ಮುಚ್ಚಲೇ," ಎಂದು, ಬಂದವನಿಗೆ ವಿಡಿಯೋ ಮತ್ತೊಮ್ಮೆ ಹಚ್ಚಲು ಹೇಳಿದೆ. ಈ ಸಲ ಎಮ್ಮೆಯನ್ನು ನೋಡಲಿಲ್ಲ, ನನ್ನನ್ನು ನೋಡಿದೆ. ನನ್ನ ಎಡಗೈಯ ಕಿರುಬೆರಳಿನ ತುದಿ ಇಲ್ಲ. ಮೇವಿಗೆ ಜೋಳದ ಕಣಕಿ ಕತ್ತರಿಸುವ ಯಂತ್ರಕ್ಕೆ ಹೋಗಿ ಬಹಳ ವರ್ಷವಾಯಿತು. ವಿಡಿಯೋದ ಮುದುಕಿಯ ಎಡಗೈಯಲ್ಲಿ ಐದೂ ಬೆರಳು ಗಟ್ಟಿಮುಟ್ಟಾಗಿದ್ದವು. ತುದಿ ಇಲ್ಲದ್ದು ಬಲಗೈಯಲ್ಲಿ.

ಎರಡೂ ಕೈ ಅವನ ಮುಖದ ಮುಂದೆ ಹಿಡಿದೆ. "ನೋಡ ತಮ್ಮಾ. ಅದರಾಗ ಯಾವ ಕೈ ತುಂಡೈತಿ? ಇಲ್ಲಿ ಯಾವುದು ಐತಿ?"

ಅವನು ಒಂದೆರಡು ಸಲ ಹೋಲಿಸಿ ನೋಡಿದ.

"ಎಮ್ಮಿ ಬದಲಿ ಮಾಡೀನಿ ಅಂತಿ. ಹಂಗಾರ ಮುದಿಕೀನೂ ಬದಲಿ ಮಾಡ್ಯಾರೇನು? ಈ ವಯಸ್ಸಿನ್ಯಾಗ ನನಗ ಜೋಡಿ ಎಲ್ಲಿ ಸಿಕ್ಕೀತು?"

ಗೋಡೆಯ ಆಚೆಯವರು ಗೊಳ್ಳೆಂದು ನಕ್ಕರು. ಆಗ ಸೊಸೆ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಸೆಲ್ಫಿ ಕ್ಯಾಮೆರಾದಾಗ ತಗದೀನ್ರಿ ಅತ್ತಿ. ಅದರಾಗ ಎಡಾ ಬಲಾ ಆಗತೈತಿ, ಕನ್ನಡ್ಯಾಗ ಆದಂಗ." ತನ್ನ ಫೋನನ್ನು ಅವನ ಮುಂದೆ ಹಿಡಿದು ಬಲಗೈ ಎತ್ತಲು ಹೇಳಿದಳು. ಅವನು ಎತ್ತಿದ. ತೆಗೆದು ತೋರಿಸಿದಳು. ಎತ್ತಿದ್ದು ಎಡಗೈ ಎಂದು ಬಂದಿತ್ತು. ದಿನಾ ಕನ್ನಡಿ ನೋಡುವ ಮಂದಿ ನಾವು, ಮೂರು ಸಲ ನೋಡಿದರೂ ನಮಗೆ ಹೊಳೆದಿರಲಿಲ್ಲ.

ಅವನು ಸಗಣಿ ಮೆತ್ತಿದ ಧೋತರ ನೋಡಿಕೊಂಡು ನಕ್ಕ. "ಆತ್ ಬಿಡ್ರಿ. ಒದಿಯೂದಿಲ್ಲ ಅಂದಿದ್ರೆಲ್ರಿ ಆಯಿ?"

"ಎಡಕ್ಕ ಕುಂಡರು. ಆಮ್ಯಾಲ ಕೇಳು."

ಕೂತ. ಎಮ್ಮೆ ಕಿವಿ ಕೂಡ ಅಲುಗಿಸಲಿಲ್ಲ. ಎರಡು ಧಾರೆ ಹಿಂಡಿ, ಹಾಲನ್ನು ಬೆರಳಲ್ಲಿ ಉಜ್ಜಿ ನೋಡಿ ಎದ್ದ. ಕೈ ತೊಳೆದುಕೊಂಡ. ಆಮೇಲೆ ಹೆಗಲಿನ ಟವೆಲ್ ತೆಗೆದು ಕೊಡವಿ, ನನ್ನನ್ನು ದಾಟಿ ಸೀದಾ ಕಟ್ಟೆಯ ಕಡೆ ನಡೆದು ಮೈದುನನ ಮುಂದೆ ಕೈ ಚಾಚಿದ. ಮೈದುನನ ಕೈಯೂ ತಾನಾಗಿಯೇ ಮೇಲೆದ್ದಿತು. ಇಬ್ಬರದೂ ತಪ್ಪಲ್ಲ, ಎಷ್ಟೋ ವರ್ಷದ ಕೈ.

"ಅಲ್ಲಿ ಏನೈತಿ? ಎಮ್ಮಿ ನಂದು. ದರಾ ಇಲ್ಲಿ ಹೇಳು, ಬಾಯಿಲೆ ಹೇಳು."

ಅವನು ಗೋಡೆಯ ಮೇಲಿನ ತಲೆಗಳನ್ನು ನೋಡಿದ. "ಇಷ್ಟ ಮಂದಿ ಮುಂದ ಹ್ಯಾಂಗ ಹೇಳೂದ್ರಿ ಆಯಿ?"

"ಗ್ರೂಪಿನ್ಯಾಗ ಸಾವಿರ ಮಂದಿ ಮುಂದ ಕೇಳಿದಿಯಲ್ಲಾ?"

"ಅಲ್ಲಿ ಯಾರ ಮಾರೀನೂ ಕಾಣೂದಿಲ್ರಿ."

ಪಾಪ, ಅವನ ಮುಖ ಕೆಂಪಾಗಿತ್ತು. ಸಗಣಿಯಲ್ಲಿ ಬಿದ್ದಾಗ ಕೂಡ ಅಷ್ಟು ನಾಚಿರಲಿಲ್ಲ. "ಒಂದ ಮಿನಿಟ" ಎಂದು ಹೊರಗೆ ಹೋದ. ಎಮ್ಮೆ ಬೇಡವೆಂದು ಹೋದನೇನೋ ಎಂದುಕೊಂಡೆ. ಅಷ್ಟರಲ್ಲಿ ಸೊಸೆಯ ಫೋನ್ ಹೊಡೆಯಿತು. ಅವನೇ. ಟೆಂಪೋದ ಮರೆಯಲ್ಲಿ ನಿಂತು ಮಾಡಿದ್ದ.

"ಆಯಿ, ಎಪ್ಪತ್ತೆರಡ," ಎಂದು ಪಿಸುಗುಟ್ಟಿದ. ಮೊದಲು ಗೋಡೆಯ ಆಚೆಯಿಂದ ಕೇಳಿಸಿತು, ಆಮೇಲೆ ಫೋನಿನಿಂದ.

"ಎಂಬತ್ತೈದ," ಅಂದೆ.

"ಸಾವಕಾಶ ಮಾತಾಡ್ರಿ, ಮಂದಿ ಕೇಳತಾರ."

"ಕೇಳಲಿ. ನನಗ ಸಾವಕಾಶ ಬರೂದಿಲ್ಲ."

ಹೀಗೇ ನಡೆಯಿತು. ಅವನು ಪಿಸುಗುಟ್ಟುತ್ತಾ ಎಪ್ಪತ್ತೆಂಟಕ್ಕೆ ಬಂದ. ನಾನು ಕೂಗುತ್ತಾ ಎಂಬತ್ತಕ್ಕೆ ಇಳಿದೆ. ಅಲ್ಲಿ ಇಬ್ಬರೂ ನಿಂತೆವು. ಎಪ್ಪತ್ತೆಂಟಕ್ಕೆ ಹೂಂ ಅಂದುಬಿಡಲೇ ಎಂದು ಮನಸ್ಸು ಎಳೆಯಿತು. ಅವನು ಟೆಂಪೋ ಹತ್ತಿಬಿಟ್ಟರೆ ನಡುವೆ ಒಂದೇ ದಿನ ಉಳಿಯುತ್ತದೆ.

ಮೈದುನನಿಗೆ ತಡೆಯಲಾಗಲಿಲ್ಲ. ಕಟ್ಟೆಯಿಂದ ಇಳಿದು ಬಂದ. "ವೈನಿ, ಒಂದ ರೂಪಾಯಿ ಬಿಡಬ್ಯಾಡ್ರಿ. ಬಗಲಾಗ ಹೊಸಾ ಹಗ್ಗಾ ಹಿಡಕೊಂಡ ಬಂದಾನ. ಹಗ್ಗಾ ತಂದಾಂವ ಬರಿಗೈಲೆ ಹೋಗೂದಿಲ್ಲ."

ಇದನ್ನೂ ಅವನು ಗಟ್ಟಿಯಾಗಿಯೇ ಹೇಳಿದ. ಫೋನಿನಲ್ಲಿ ಕೇಳಿಸಿರಬೇಕು. ಆಮೇಲೆ ಅವನು ಫೋನ್ ಕಿವಿಗೆ ಹಿಡಿದುಕೊಂಡೇ ಬಾಗಿಲೊಳಗೆ ಬಂದು, "ಆಗಲಿ ಬಿಡ್ರಿ, ಎಂಬತ್ತ," ಅಂದ. ಈ ಸಲ ಎಲ್ಲರಿಗೂ ಕೇಳಿಸುವಂತೆ ಅಂದ. ಅಂದ ಮೇಲೆ ಏನೂ ಆಗಲಿಲ್ಲ. ಆಕಾಶ ಕಳಚಿ ಬೀಳಲಿಲ್ಲ. ಅವನೇ ಆಶ್ಚರ್ಯಪಟ್ಟವನ ಹಾಗೆ ಸುತ್ತ ನೋಡಿದ.

ನಾನು ನನ್ನ ಹಗ್ಗ ಬಿಚ್ಚಿಕೊಂಡೆ, ಅವನು ತನ್ನದು ಕಟ್ಟಿದ. ಎಮ್ಮೆ ಟೆಂಪೋ ಹತ್ತಲು ಸ್ವಲ್ಪ ಹಟ ಮಾಡಿತು, ಆಮೇಲೆ ಹತ್ತಿತು. ನಾನು ಅಳಲಿಲ್ಲ. ಕರು ಅದರ ಜೊತೆಗೇ ಹೋಯಿತು, ಅಲ್ಲಿ ಮೇವಿಗೆ ಕೊರತೆಯಿಲ್ಲ. ಅಳುವಂಥದ್ದೇನಿದೆ?

ಆ ದಿನ ಓಣಿಯವರು ಯಾರೂ ದರ ಕೇಳಲಿಲ್ಲ, ಕೇಳುವ ಗರಜು ಇರಲಿಲ್ಲ. ಆದರೂ ನೀರಿಗೆ ಹೋದಲ್ಲಿ, ಹಿಟ್ಟಿನ ಗಿರಣಿಯಲ್ಲಿ ನಾನಾಗಿಯೇ ಹೇಳಿದೆ. ಮೈದುನ ಬಂದು ಗೊಣಗಿದ. "ಊರ ತುಂಬ ಡಂಗುರಾ ಹೊಡದ್ರಿ. ಇನ್ನ ಎಲ್ಲಾ ಹೆಣಮಕ್ಕಳೂ ಎಂಬತ್ತ ಎಂಬತ್ತ ಅಂತ ಕುಂಡರತಾರ. ಸಂತ್ಯಾಗ ನಾ ಏನ್ ಮಾಡಲಿ?"

"ಅವರ ಎಮ್ಮಿಗೆ ಎಂಬತ್ತ ಬರತಿದ್ರ ಬರಲಿ, ನಿನಗೇನು?"

ಎರಡು ವಾರದ ಮೇಲೆ ಸೊಸೆ ಫೋನ್ ತಂದು ತೋರಿಸಿದಳು. ಚಿಕ್ಕೋಡಿಯ ಕಡೆಯದೊಂದು ಎಮ್ಮೆ, ನಮ್ಮದರಂಥದ್ದೇ, ಮೂರನೆಯ ಕರು, ಹಾಲು ಅರ್ಧ ಲೀಟರ್ ಕಡಿಮೆ. ಎಂಬತ್ತನಾಲ್ಕಕ್ಕೆ ಹೋಗಿತ್ತು. ನಾನು ನಾಲ್ಕು ಸಾವಿರ ಬಿಟ್ಟುಕೊಟ್ಟಿದ್ದೆ. ಒಂದು ಗಳಿಗೆ ಕೆಟ್ಟೆನಿಸಿತು. ಆಮೇಲೆ, ಎಷ್ಟು ಬಿಟ್ಟೆ ಎಂದು ತಿಳಿಯಿತಲ್ಲ, ಅದೇ ದೊಡ್ಡದು ಅನ್ನಿಸಿತು. ಅಂಕಿಯನ್ನು ಮತ್ತೊಮ್ಮೆ ನೋಡಿದೆ. ಎಂಬತ್ತನಾಲ್ಕು. ಸರಿ.

ಸಂಜೆ ಮೈದುನ ಬಂದಾಗ ಮುಚ್ಚಿಡದೆ ಹೇಳಿದೆ. ಅವನ ಮುಖ ಹುಣ್ಣಿಮೆಯಾಯಿತು.

"ನಾ ಇದ್ದಿದ್ರ ನಾಕ ಸಾವಿರ ಬಿಡತಿರ್ಲಿಲ್ಲ ನೋಡ್ರಿ ವೈನಿ."

"ಇದ್ದಿಯಲ್ಲಾ. ಕಟ್ಟಿ ಮ್ಯಾಲ ಕುಂತಿದ್ದಿ."

ಅವನು ನಕ್ಕುಬಿಟ್ಟ. ಚಹಾ ಮಾಡೆಂದು ಸೊಸೆಗೆ ಕೂಗಿ ಹೇಳಿದೆ. ಕುಡಿದಾದ ಮೇಲೆ ಅವನು ಫೋನ್ ಕೊಡಿ ಅಂದ, ಆ ಚಿಕ್ಕೋಡಿಯ ಎಮ್ಮೆಯನ್ನು ಬಹಳ ಹೊತ್ತು ನೋಡುತ್ತಾ ಕೂತ.